ಯಾವ ಹಠಕ್ಕೆ ಯಾವ ಇಂಗ್ಲಿಷ್ ಶಬ್ದ?

ಇಂಗ್ಲಿಷಿನಲ್ಲಿ ಹಠವನ್ನು ಹೇಳುವ ಶಬ್ದಗಳನ್ನು ಎಣಿಸುತ್ತ ಹೋದರೆ ಇಪ್ಪತ್ತರ ಹತ್ತಿರಕ್ಕೆ ಸುಲಭವಾಗಿ ತಲುಪುತ್ತೇವೆ. ಆದರೆ ಶಾಲೆಯ ಮಕ್ಕಳು ಬಳಸುವ ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆದರೆ ಅವುಗಳಲ್ಲಿ ಹೆಚ್ಚಿನವುಗಳ ಎದುರಿಗೆ 'ಹಠಮಾರಿ', 'ಮೊಂಡ', 'ಪಟ್ಟು ಬಿಡದ' ಎಂಬ ಅವೇ ಮೂರು ಅರ್ಥಗಳು ಹಿಂದುಮುಂದಾಗಿ ಕಾಣಿಸಿಕೊಳ್ಳುತ್ತವೆ. ಆರಿಸಿಕೊಳ್ಳಬೇಕಾದವರಿಗೆ ಇದರಿಂದ ಏನೂ ನೆರವಾಗುವುದಿಲ್ಲ. ಕಿವಿಗೆ ಯಾವುದು ಗಂಭೀರವಾಗಿ ಕೇಳಿಸುತ್ತದೋ ಅದನ್ನು ಎತ್ತಿಕೊಂಡು ಬರೆದುಬಿಡುತ್ತಾರೆ.

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಕೆಲಸದ ಅರ್ಜಿಯೊಂದಿಗೆ ಕಳುಹಿಸಬೇಕಾದ ಪರಿಚಯಪತ್ರವನ್ನು ತಿದ್ದಿಸಿಕೊಳ್ಳಲು ತಂದಿದ್ದಳು. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಪ್ಲಾಸ್ಟಿಕ್ ಚೀಲದೊಳಗಿಂದ ಜೋಪಾನವಾಗಿ ತೆಗೆದ ಆ ಹಾಳೆಯ ಎರಡನೆಯ ಸಾಲಿನಲ್ಲಿಯೇ 'ಐ ಆ್ಯಮ್ ಆ್ಯನ್ ಅಡಮಂಟ್ ಪರ್ಸನ್' ಎಂದಿತ್ತು. ಇದೇಕೆ ಎಂದು ಕೇಳಿದೆ. 'ಹಿಡಿದ ಕೆಲಸ ಬಿಡುವವಳಲ್ಲ ಅಂತ ಹೇಳಲಿಕ್ಕೆ ಬರೆದದ್ದು ಮಾಷ್ಟ್ರೇ, ಛಲಕ್ಕೆ ನಿಘಂಟಿನಲ್ಲಿ ಹುಡುಕಿದೆ' ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಛಲ. ಆದರೆ ಆ ಸಾಲನ್ನು ಓದುವ ಆಸ್ಪತ್ರೆಯ ಅಧಿಕಾರಿಗೆ ಅದು 'ನಾನು ಯಾರ ಮಾತಿಗೂ ಬಗ್ಗುವವಳಲ್ಲ' ಎಂದು ಕೇಳಿಸುತ್ತದೆ, ಮತ್ತು ರೋಗಿಗಳ ನಡುವೆ ಹತ್ತು ಜನರೊಂದಿಗೆ ಕೂಡಿ ಕೆಲಸ ಮಾಡಬೇಕಾದವಳು ತನ್ನ ಬಗ್ಗೆ ಹೇಳಿಕೊಳ್ಳಬಾರದ ಮಾತು ಅದು.

ಅಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸುತ್ತಿದ್ದೇನೆ. ಈ ಶಬ್ದಗಳನ್ನು ಹೊಗಳಿಕೆಯವು, ತೆಗಳಿಕೆಯವು ಎಂದು ಎರಡು ಗುಂಪು ಮಾಡಿ ಕಲಿಸುವ ರೂಢಿಯಿದೆ. ಅದು ತಪ್ಪಲ್ಲವಾದರೂ ಸಾಲದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ: ಈ ವ್ಯಕ್ತಿ ಮಣಿಯದೆ ನಿಂತದ್ದು ಯಾವುದಕ್ಕೆ? ಬುದ್ಧಿವಾದಕ್ಕೋ, ಕಣ್ಣೀರಿಗೋ, ಅಪ್ಪಣೆಗೋ, ರಾಜಿಗೋ, ಎಚ್ಚರಿಕೆಯ ಮಾತಿಗೋ, ಅಥವಾ ಬರಿಯ ಆಯಾಸಕ್ಕೋ? ಕನ್ನಡದಲ್ಲಿ ಇವೆಲ್ಲಕ್ಕೂ 'ಹಠ' ಎಂದರೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಒಂದೊಂದಕ್ಕೆ ಒಂದೊಂದು ಶಬ್ದವಿದೆ.

ಮೊದಲಿಗೆ 'ಸ್ಟಬರ್ನ್'. ಇದು ಎಲ್ಲದಕ್ಕೂ ಒದಗುವ ಶಬ್ದ. ಹದಿನಾಲ್ಕನೆಯ ಶತಮಾನದಿಂದ ಬಳಕೆಯಲ್ಲಿದ್ದರೂ ಎಲ್ಲಿಂದ ಬಂತೆಂಬುದು ಇತ್ಯರ್ಥವಾಗಿಲ್ಲ. ಇದರಲ್ಲಿ ತೆಗಳಿಕೆ ಇದ್ದರೂ ಅದು ತೆಳುವಾದದ್ದು. ಅಜ್ಜನನ್ನು ಪ್ರೀತಿಯಿಂದಲೇ 'ಸ್ಟಬರ್ನ್' ಎನ್ನಬಹುದು. ಇನ್ನೊಂದು ಅನುಕೂಲವೆಂದರೆ ಇದು ವಸ್ತುಗಳಿಗೂ ಸಲ್ಲುತ್ತದೆ. ಬಿಳಿ ಅಂಗಿಯ ಮೇಲೆ ಗೇರುಹಣ್ಣಿನ ರಸ ಬಿದ್ದರೆ ಎಷ್ಟು ತಿಕ್ಕಿದರೂ ಕಂದು ಕಲೆ ಉಳಿಯುತ್ತದಲ್ಲ, ಅದು 'ಸ್ಟಬರ್ನ್' ಕಲೆ. ತೋಟದ ಪಂಪಿನಲ್ಲಿ ತುಕ್ಕು ಹಿಡಿದು ಸ್ಪ್ಯಾನರಿಗೆ ಜಗ್ಗದ ನಟ್ಟು ಕೂಡ ಹಾಗೆಯೇ. 1770ರಲ್ಲಿ ಬಾಸ್ಟನ್ ನಗರದಲ್ಲಿ ಜನರ ಮೇಲೆ ಗುಂಡು ಹಾರಿಸಿದ ಬ್ರಿಟಿಷ್ ಸೈನಿಕರ ಪರವಾಗಿ ವಾದಿಸುತ್ತ ಜಾನ್ ಆಡಮ್ಸ್ ಸತ್ಯಸಂಗತಿಗಳಿಗೆ ಇದೇ ವಿಶೇಷಣವನ್ನು ಹಚ್ಚಿದ್ದರು. ನಮ್ಮ ಇಷ್ಟಾನಿಷ್ಟಗಳಿಗೆ ಸಂಗತಿಗಳು ಬಗ್ಗುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಕಲೆ, ನಟ್ಟು, ಸಂಗತಿ ಇವುಗಳಿಗೆ ಮನಸ್ಸಿಲ್ಲ ಎಂಬುದನ್ನು ಗಮನಿಸಬೇಕು. ಒತ್ತಿದರೂ ಕದಲದಿರುವುದು ಮಾತ್ರ 'ಸ್ಟಬರ್ನ್' ಶಬ್ದದ ತಿರುಳು. ಏಕೆ ಕದಲಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ.

'ಆಬ್‌ಸ್ಟಿನೇಟ್' ಅದನ್ನು ಹೇಳುತ್ತದೆ. ಲ್ಯಾಟಿನಿನ ಈ ಶಬ್ದದೊಳಗೆ ಸಂಸ್ಕೃತದ 'ಸ್ಥಾ' ಧಾತುವಿನ ನೆಂಟನಾದ, ನಿಲ್ಲು ಎಂಬರ್ಥದ ಧಾತು ಅಡಗಿದೆ. ಎದುರಾಗಿ ನಿಂತುಬಿಡುವುದು ಎಂಬ ಭಾವ. ಎದುರಿಗಿರುವುದು ಬುದ್ಧಿವಾದ. ಕಾರಣಗಳನ್ನು ಕೊಟ್ಟಾಯಿತು, ಹಿರಿಯರು ಹೇಳಿದ್ದಾಯಿತು, ಕೇಳುವವನಿಗೆ ಅದು ಅರ್ಥವೂ ಆಯಿತು, ಆದರೂ ತನ್ನ ಅಭಿಪ್ರಾಯವನ್ನು ಬಿಡಲಿಲ್ಲ ಎಂಬಲ್ಲಿ ಈ ಶಬ್ದ ಸರಿಯಾಗಿ ಕೂರುತ್ತದೆ. ಕನ್ನಡದಲ್ಲಿ ಇದಕ್ಕೆ ಹತ್ತಿರವಾದದ್ದು 'ದುರಾಗ್ರಹ'. ಇದನ್ನು ಯಾರೂ ಹೊಗಳಿಕೆಯಾಗಿ ಬಳಸುವುದಿಲ್ಲ, ತನ್ನ ಬಗ್ಗೆಯಂತೂ ಹೇಳಿಕೊಳ್ಳುವುದೇ ಇಲ್ಲ. ಬರ್ಟ್ರಂಡ್ ರಸೆಲ್ 1948ರಲ್ಲಿ ಬಿ.ಬಿ.ಸಿ. ರೇಡಿಯೊದಲ್ಲಿ ಇದನ್ನು ವ್ಯಾಕರಣದ ಪುರುಷತ್ರಯದಂತೆ ಜೋಡಿಸಿ ತಮಾಷೆ ಮಾಡಿದ್ದುಂಟು: ಉತ್ತಮ ಪುರುಷದಲ್ಲಿ ನಾನು 'ಫರ್ಮ್', ಮಧ್ಯಮ ಪುರುಷದಲ್ಲಿ ನೀನು 'ಆಬ್‌ಸ್ಟಿನೇಟ್', ಪ್ರಥಮ ಪುರುಷದಲ್ಲಿ ಅವನು 'ಪಿಗ್‌ಹೆಡೆಡ್' ಮೂರ್ಖ. ನಡತೆ ಮೂವರದೂ ಒಂದೇ.

ಆ ಮೂರನೆಯದಾದ 'ಪಿಗ್‌ಹೆಡೆಡ್' ಎಂಬುದರಲ್ಲಿ ಹಠದ ಜೊತೆಗೆ ದಡ್ಡತನವೂ ಸೇರಿದೆ. ನಮ್ಮ 'ಮೊಂಡ' ಇದಕ್ಕೆ ಒಳ್ಳೆಯ ಜೋಡಿ. ಮೊಂಡು ಕತ್ತಿ ಕೊಯ್ಯದಿರುವಂತೆ ಮೊಂಡನ ಬುದ್ಧಿಯೂ ಕೊಯ್ಯುವುದಿಲ್ಲ. 'ಮ್ಯೂಲಿಷ್' ಎಂಬುದು ಹೇಸರಗತ್ತೆಯಿಂದ ಬಂದದ್ದು. ಹೇಸರಗತ್ತೆಯನ್ನೇ ಕಾಣದ ನಮ್ಮ ಕರಾವಳಿಯಲ್ಲಿ ಅದರ ಜಾಗದಲ್ಲಿ ಕೋಣ ನಿಲ್ಲುತ್ತದೆ. ಆದರೆ ಬೈಬಲಿನ ಹೀಬ್ರೂ ಮೂಲದಿಂದ ಇಂಗ್ಲಿಷಿಗೆ ಬಂದ 'ಸ್ಟಿಫ್‌ನೆಕ್ಡ್' ಎಂಬುದನ್ನು ಮಾತ್ರ ನಮ್ಮ ಬೇಸಾಯಗಾರರಿಗೆ ವಿವರಿಸಬೇಕಾಗಿಯೇ ಇಲ್ಲ: ನೊಗಕ್ಕೆ ಕುತ್ತಿಗೆ ಕೊಡದ ಎತ್ತು. ಈ ಮೂರೂ ಜಗಳದ, ಹರಟೆಯ, ಕಥೆಯ ಶಬ್ದಗಳು. ಅರ್ಜಿ, ವರದಿಗಳಲ್ಲಿ ಬರೆಯತಕ್ಕವಲ್ಲ.

ಇನ್ನು ಸೂಕ್ಷ್ಮವಾದ ಶಬ್ದಗಳಿಗೆ ಬಂದರೆ, ಅವುಗಳನ್ನು ಕಲಿಸಲು ನನಗೆ ಸಿಕ್ಕಿದ ಅತ್ಯುತ್ತಮ ಸಾಧನ ನಮ್ಮೂರಿನ ತಾಳಮದ್ದಳೆ, ಅಂದರೆ ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಲ್ಲಿಯೇ ನಡೆಯುವ ಯಕ್ಷಗಾನ. ತೆಂಕುತಿಟ್ಟು ಯಕ್ಷಗಾನದ ಪಿತಾಮಹನೆಂದು ಕರೆಯಲ್ಪಡುವ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಮುತ್ತ ಬೆಳೆದ ಮಕ್ಕಳಿಗೆ ಪುರಾಣದ ಪಾತ್ರಗಳು ನೆರೆಹೊರೆಯವರಿದ್ದಂತೆ. ಆ ಪಾತ್ರಗಳಲ್ಲಿ ಹಠ ಮಾಡದವರು ಕಡಿಮೆ, ಮತ್ತು ಒಬ್ಬೊಬ್ಬರ ಹಠ ಒಂದೊಂದು ಬಗೆಯದು.

ಪಾಂಡವರ ಪರವಾಗಿ ಸಂಧಾನಕ್ಕೆ ಬಂದ ಕೃಷ್ಣ ಐದು ಊರುಗಳನ್ನಾದರೂ ಕೊಡು ಎನ್ನುತ್ತಾನೆ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ದುರ್ಯೋಧನ ಹೇಳುತ್ತಾನೆ. ಇಲ್ಲಿ ಅವನು 'ಇನ್‌ಟ್ರಾನ್ಸಿಜೆಂಟ್'. ಎದುರಿಗಿರುವುದು ರಾಜಿ, ಕೊಡುಕೊಳ್ಳುವ ಮಾತಿನಲ್ಲಿ ಕೂದಲೆಳೆಯಷ್ಟೂ ಹಿಂದೆ ಸರಿಯದವನಿಗೆ ಈ ಶಬ್ದ. ಇದು ರಾಜಕೀಯದಲ್ಲಿಯೇ ಹುಟ್ಟಿದ್ದು: 1873ರ ಹೊತ್ತಿಗೆ ಸ್ಪೇನ್ ದೇಶದಲ್ಲಿ ಯಾವ ಹೊಂದಾಣಿಕೆಗೂ ಒಪ್ಪದ ಉಗ್ರ ಗಣರಾಜ್ಯವಾದಿಗಳಿಗೆ ಬಿದ್ದ ಹೆಸರು ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂತು. ಹೀಗಾಗಿ ಮಿಠಾಯಿಗಾಗಿ ಅಳುವ ಮಗುವಿಗೆ ಇದನ್ನು ಬಳಸಿದರೆ ನಗು ಬರುತ್ತದೆ. ಮಾತುಕತೆಯ ಮೇಜು ಇರುವಲ್ಲಿ ಮಾತ್ರ ಇದು ಹೊಂದುತ್ತದೆ.

ಅದೇ ದುರ್ಯೋಧನ ಭೀಷ್ಮ, ವಿದುರರ ಬುದ್ಧಿವಾದವನ್ನು ತಳ್ಳಿಹಾಕುವಾಗ 'ಆಬ್‌ಸ್ಟಿನೇಟ್'. ಸೈನ್ಯವೆಲ್ಲ ನಾಶವಾದ ಮೇಲೂ ಗದೆ ಹಿಡಿದು ಭೀಮನ ಎದುರಿಗೆ ನಿಂತಾಗ ಅವನನ್ನು 'ರೆಸಲ್ಯೂಟ್' ಎನ್ನಲು ನನಗೆ ಸಂಕೋಚವಿಲ್ಲ. ವ್ಯಕ್ತಿ ಒಬ್ಬನೇ, ಸ್ವಭಾವವೂ ಅದೇ. ಎದುರಿಗಿರುವುದು ಬದಲಾದಂತೆ ಶಬ್ದ ಬದಲಾಯಿತು. ತಾಳಮದ್ದಳೆಯಲ್ಲಿ ಪಾತ್ರದ ಮಾತನ್ನಾಡುವ ಒಳ್ಳೆಯ ಅರ್ಥಧಾರಿಯೊಬ್ಬ ಈ ಮೂರು ಸಂದರ್ಭಗಳಲ್ಲಿ ದನಿಯನ್ನು ಹೇಗೆ ಬದಲಿಸುತ್ತಾನೆ ಎಂಬುದನ್ನು ಕೇಳಿದವರಿಗೆ ಇದು ಬೇಗ ಹೊಳೆಯುತ್ತದೆ.

ಕೈಕೇಯಿಯದು ಬೇರೆ. ದಶರಥ ಕಾಲಿಗೆ ಬಿದ್ದು ಗೋಗರೆದರೂ ಅವಳು ಕರಗಲಿಲ್ಲ. ಅವಳ ಎದುರಿಗಿದ್ದದ್ದು ತರ್ಕವಲ್ಲ, ಕಣ್ಣೀರು. ಅವಳಿಗೆ ಒಪ್ಪುವುದು 'ಆಬ್‌ಡ್ಯುರೇಟ್'. ಗಟ್ಟಿ ಎಂಬರ್ಥದ ಲ್ಯಾಟಿನ್ 'ಡ್ಯೂರುಸ್' ಇದರ ಮೂಲ. ಬಾಳಿಕೆ ಬರುವ ವಸ್ತುವಿಗೆ ಹೇಳುವ 'ಡ್ಯೂರಬಲ್' ಕೂಡ ಅಲ್ಲಿಂದಲೇ ಬಂತು. ಕನ್ನಡದಲ್ಲಿ ಇದನ್ನು 'ಹಠಮಾರಿ' ಎಂದರೆ ಅರ್ಧ ಅರ್ಥ ಸೋರಿಹೋಗುತ್ತದೆ, 'ಕಲ್ಲೆದೆಯ' ಎನ್ನಬೇಕು. ಪಶ್ಚಾತ್ತಾಪವಿಲ್ಲದ ಅಪರಾಧಿಗೂ ಇದೇ ಶಬ್ದ ಸಲ್ಲುತ್ತದೆ.

ದಾಕ್ಷಾಯಣಿ ತಂದೆಯ ಯಜ್ಞಕ್ಕೆ ಕರೆಯದಿದ್ದರೂ ಹೊರಡುತ್ತಾಳೆ, ಶಿವ ಬೇಡವೆಂದರೂ ಕೇಳುವುದಿಲ್ಲ. ಅವಳು 'ಹೆಡ್‌ಸ್ಟ್ರಾಂಗ್'. ಇದರಲ್ಲಿ ವೇಗವಿದೆ, ಮುನ್ನುಗ್ಗುವಿಕೆಯಿದೆ, ಅಪಾಯದ ಎಚ್ಚರಿಕೆಯನ್ನು ಕಡೆಗಣಿಸುವುದಿದೆ. 'ಆಬ್‌ಸ್ಟಿನೇಟ್' ಆದವನು ನಿಂತಲ್ಲಿಂದ ಕದಲುವುದಿಲ್ಲ. 'ಹೆಡ್‌ಸ್ಟ್ರಾಂಗ್' ಆದವನನ್ನು ನಿಲ್ಲಿಸಲು ಆಗುವುದಿಲ್ಲ. ಇವೆರಡನ್ನು ಅದಲುಬದಲು ಮಾಡುವುದು ನಾನು ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು. ಇದರ ಪಕ್ಕದಲ್ಲಿಯೇ ಇರುವ 'ವಿಲ್‌ಫುಲ್' ತನ್ನಿಷ್ಟದಂತೆಯೇ ನಡೆಯುವ ಮಗುವಿಗೆ ಸಲ್ಲುತ್ತದೆಯಾದರೂ ಕಾನೂನಿನಲ್ಲಿ ಅದಕ್ಕೆ ಹಠದ ಅರ್ಥವೇ ಇಲ್ಲ, 'ಬೇಕೆಂದೇ' ಎಂಬುದಷ್ಟೇ ಅರ್ಥ. ತೀರಿಸುವ ಶಕ್ತಿಯಿದ್ದೂ ಬ್ಯಾಂಕಿನ ಸಾಲವನ್ನು ತೀರಿಸದವರನ್ನು ರಿಸರ್ವ್ ಬ್ಯಾಂಕು 'ವಿಲ್‌ಫುಲ್ ಡಿಫಾಲ್ಟರ್' ಎನ್ನುವುದು, ನಮ್ಮ ಪತ್ರಿಕೆಗಳು ಅದನ್ನು 'ಉದ್ದೇಶಪೂರ್ವಕ ಸುಸ್ತಿದಾರ' ಎಂದು ಅನುವಾದಿಸುವುದು ಈ ಅರ್ಥದಲ್ಲಿ.

'ರಿಕ್ಯಾಲ್ಸಿಟ್ರಂಟ್' ಎಂಬುದರ ಮೂಲದಲ್ಲಿ ಹಿಮ್ಮಡಿ ಎಂಬರ್ಥದ ಲ್ಯಾಟಿನ್ ಶಬ್ದವಿದೆ. ಹಿಂಗಾಲಿನಿಂದ ಒದೆಯುವ ಪ್ರಾಣಿಯ ಚಿತ್ರ ಅದು. ಅಪ್ಪಣೆಗೆ ಬಗ್ಗದವನಿಗೆ ಇದನ್ನು ಹೇಳುತ್ತಾರೆ, ಆದ್ದರಿಂದ ಇದು ಯಾವಾಗಲೂ ಮೇಲಿನವರ ಬಾಯಿಯ ಶಬ್ದ. ಮುಖ್ಯೋಪಾಧ್ಯಾಯರು ವಿದ್ಯಾರ್ಥಿಯನ್ನು ಹಾಗೆ ಕರೆಯಬಹುದು, ವಿದ್ಯಾರ್ಥಿ ಮುಖ್ಯೋಪಾಧ್ಯಾಯರನ್ನು ಕರೆಯಲಾಗದು. 'ರಿಫ್ರ್ಯಾಕ್ಟರಿ' ಇದೇ ಅರ್ಥದಲ್ಲಿ ಈಗ ಅಪರೂಪ. ಕುಲುಮೆಯ ಬೆಂಕಿಗೆ ಕರಗದ ಇಟ್ಟಿಗೆಗೂ ಮದ್ದಿಗೆ ಬಗ್ಗದ ಕಾಯಿಲೆಗೂ ಉಳಿದುಕೊಂಡಿದೆ. 'ಇನ್‌ಟ್ರ್ಯಾಕ್ಟಬಲ್' ಎಂಬುದನ್ನು ಬಗೆಹರಿಯದ ಸಮಸ್ಯೆಗೂ ಶಮನವಾಗದ ನೋವಿಗೂ ಇಟ್ಟುಕೊಳ್ಳುವುದು ಲೇಸು.

ಈಗ 'ಅಡಮಂಟ್' ಕುರಿತು. ದಕ್ಷಿಣ ಭಾರತದವರಿಗೆ ಈ ಶಬ್ದದ ಮೇಲೆ ವಿಶೇಷ ಮೋಹವಿದೆ. 'ಮಗು ತುಂಬಾ ಅಡಮಂಟ್', 'ಅಡಮಂಟ್ ಮಾಡಬೇಡ' ಎಂಬ ಮಾತುಗಳನ್ನು ಕಾಸರಗೋಡಿನ ಬಸ್ಸಿನಲ್ಲಿ ಕನ್ನಡ, ಮಲಯಾಳ, ತುಳು ಮೂರರಲ್ಲೂ ಕೇಳಬಹುದು. ಗ್ರೀಕಿನ 'ಅಡಮಾಸ್' ಇದರ ಮೂಲ. ಪಳಗಿಸಲಾಗದ್ದು, ಹಾಗಾಗಿ ಅತ್ಯಂತ ಕಠಿಣವಾದ ಶಿಲೆ ಅಥವಾ ಲೋಹ ಎಂದು ಅದರ ಅರ್ಥ. ವಜ್ರಕ್ಕಿರುವ 'ಡೈಮಂಡ್' ಎಂಬ ಹೆಸರೂ ಅದೇ ಶಬ್ದದ ಇನ್ನೊಂದು ರೂಪ. ಪಳಗಿಸು ಎಂಬರ್ಥದ ಆ ಗ್ರೀಕ್ ಧಾತುವೂ ಸಂಸ್ಕೃತದ 'ದಮ್' ಧಾತುವೂ ಒಂದೇ ಬೇರಿನವು, ಆದ್ದರಿಂದ ನಮ್ಮ 'ಅದಮ್ಯ' ಈ ಶಬ್ದದ ದೂರದ ದಾಯಾದಿ. ಆದರೆ ದಾಯಾದಿಗಳ ಬಾಳು ಬೇರೆಬೇರೆಯಾಗಿದೆ: 'ಅದಮ್ಯ ಉತ್ಸಾಹ' ಎಂದು ನಾವು ಮೆಚ್ಚಿ ಹೇಳುತ್ತೇವೆ, ಇಂಗ್ಲಿಷಿನ 'ಅಡಮಂಟ್' ಯಾವ ಉತ್ಸಾಹಕ್ಕೂ ವಿಶೇಷಣವಾಗುವುದಿಲ್ಲ.

ಮುಖ್ಯವಾದ ವ್ಯತ್ಯಾಸವೆಂದರೆ, ಇದು ಸ್ವಭಾವವನ್ನು ಹೇಳುವ ಶಬ್ದವಲ್ಲ, ಒಂದು ವಿಷಯದಲ್ಲಿ ತಳೆದ ನಿಲುವನ್ನು ಹೇಳುವ ಶಬ್ದ. ಆದ್ದರಿಂದ ಬಹುಮಟ್ಟಿಗೆ ನಾಮಪದಕ್ಕೆ ಮೊದಲು ಬರದೆ ಕ್ರಿಯಾಪದದ ಆಚೆಗೆ ಬರುತ್ತದೆ, ಮತ್ತು ಅದರ ಬೆನ್ನಿಗೆ 'ದ್ಯಾಟ್' ಎಂದು ಒಂದು ಉಪವಾಕ್ಯವನ್ನು ಬಯಸುತ್ತದೆ. ತೋಟವನ್ನು ಮಾರಲೇಬಾರದೆಂದು ಅಮ್ಮ ಪಟ್ಟು ಹಿಡಿದರು ಎಂಬ ವಾಕ್ಯಕ್ಕೆ 'ಷಿ ವಾಸ್ ಅಡಮಂಟ್ ದ್ಯಾಟ್' ಎಂದು ಆರಂಭಿಸಿದರೆ ಸರಿ. ಆ ಅಮ್ಮ ಬೇರೆ ಎಲ್ಲ ವಿಷಯಗಳಲ್ಲಿ ಬೆಣ್ಣೆಯಂತಿರಬಹುದು. ಕುಸ್ತಿಯ 'ಪಟ್ಟು' ಇಲ್ಲಿ ಬಹಳ ಒಳ್ಳೆಯ ಸಾಟಿ, ಏಕೆಂದರೆ ಪಟ್ಟು ಯಾವಾಗಲೂ ಒಂದು ನಿರ್ದಿಷ್ಟ ಹಿಡಿತ, ಮೈಕಟ್ಟಿನ ಗುಣವಲ್ಲ. ನೆಲದ ಮೇಲೆ ಹೊರಳಾಡುವ ಮಗುವಿಗೆ 'ಸ್ಟಬರ್ನ್' ಸಾಕು. ನಮ್ಮ ಕಡೆಯ 'ಚಂಡಿ ಹಿಡಿಯುವುದು' ಅದಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಮಳೆಗೆ ಅಂಗಿ ಚಂಡಿಯಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಘಟ್ಟದ ಮೇಲಿನ ಓದುಗರಿಗಾಗಿ ಹೇಳಿಬಿಡುತ್ತೇನೆ.

ಆಯಾಸಕ್ಕೆ, ಅಡ್ಡಿಗೆ, ಸೋಲಿಗೆ ಮಣಿಯದವರ ಶಬ್ದಗಳು ಮೂರು. 'ಪರ್ಸಿಸ್ಟೆಂಟ್' ಎಂಬುದು ಮತ್ತೆ ಮತ್ತೆ ಮಾಡುವುದನ್ನು, ಬಿಡದೆ ಮುಂದುವರಿಯುವುದನ್ನು ಹೇಳುತ್ತದೆ. ವಾರಗಟ್ಟಲೆ ಬಿಡದ ಕೆಮ್ಮಿಗೂ ದಿನಕ್ಕೆ ಹತ್ತು ಸಲ ಕರೆ ಮಾಡುವ ಮಾರಾಟಗಾರನಿಗೂ ಇದು ಸಲ್ಲುವುದರಿಂದ ಹೊಗಳುವಾಗ ಸಂದರ್ಭವನ್ನು ಸ್ಪಷ್ಟಪಡಿಸಬೇಕು. 'ಟೆನೇಶಿಯಸ್' ಎಂಬುದರಲ್ಲಿ ಹಿಡಿದುಕೊಳ್ಳುವುದು ಮುಖ್ಯ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ಬಿಡಿಸಲು ನೋಡಿ: ಗೆಣ್ಣು ಗೆಣ್ಣಿನಲ್ಲೂ ಹೊರಟ ಸಣ್ಣ ಬೇರುಗಳು ತೊಗಟೆಯನ್ನು ಕಚ್ಚಿಕೊಂಡಿರುತ್ತವೆ, ಬಳ್ಳಿ ತುಂಡಾದರೂ ಹಿಡಿತ ಬಿಡುವುದಿಲ್ಲ. ಅದು 'ಟೆನೇಶಿಯಸ್', ಕನ್ನಡದ 'ಜಿಗುಟು' ಇದಕ್ಕೆ ಹತ್ತಿರ. ಕಂಡದ್ದನ್ನು ಮರೆಯದ ನೆನಪಿಗೂ ಹಿಡಿದ ಎದುರಾಳಿಯನ್ನು ಬಿಡದ ಕಬಡ್ಡಿ ಆಟಗಾರನಿಗೂ ಇದು ಒಪ್ಪುತ್ತದೆ. 'ಡಾಗಿಡ್' ನಾಯಿಯಿಂದ ಬಂದದ್ದು. ಮೊದಲು ನಾಯಿಯ ಕೆಟ್ಟ ಗುಣಗಳನ್ನೇ ಸೂಚಿಸುತ್ತಿದ್ದ ಈ ಶಬ್ದ ಮುಂದೆ ಅದರ ಬೆನ್ನುಬಿಡದ ಗುಣಕ್ಕೆ ನಿಂತಿತು. ಇದರಲ್ಲಿ ಮೆರುಗಿಲ್ಲ, ತಲೆತಗ್ಗಿಸಿ ನಡೆಯುವ ಪ್ರಯತ್ನವಿದೆ. ದ್ರೋಣ ಒಲ್ಲೆನೆಂದ ಮೇಲೆ ಮಣ್ಣಿನ ಮೂರ್ತಿಯ ಮುಂದೆ ಒಬ್ಬನೇ ಬಾಣ ಬಿಡುತ್ತಿದ್ದ ಏಕಲವ್ಯನಿಗೆ ನಾನು ಇದನ್ನೇ ಕೊಡುತ್ತೇನೆ. ಒಂದು ಎಚ್ಚರಿಕೆ: ಗುಣವಾಚಕವಾದಾಗ ಇದು ಎರಡು ಸ್ವರಗಳ 'ಡಾಗಿಡ್', ದುರದೃಷ್ಟ ಬೆನ್ನು ಹತ್ತಿತು ಎಂಬ ಕ್ರಿಯಾಪದವಾದಾಗ ಒಂದೇ ಸ್ವರದ 'ಡಾಗ್ಡ್'. ಕಾಗುಣಿತ ಎರಡಕ್ಕೂ ಒಂದೇ ಆದ್ದರಿಂದ ಗಟ್ಟಿಯಾಗಿ ಓದುವಾಗ ಹಲವರು ಎಡವುತ್ತಾರೆ.

ಉಳಿದವು ಪೂರ್ತಿ ಹೊಗಳಿಕೆಯವು. 'ಡಿಟರ್ಮಿನ್ಡ್' ಗುರಿಯ ಕಡೆ ನೋಡುತ್ತದೆ, 'ರೆಸಲ್ಯೂಟ್' ಕಷ್ಟದ ಗಳಿಗೆಯಲ್ಲಿ ಅಲುಗದಿರುವುದನ್ನು ನೋಡುತ್ತದೆ, 'ಸ್ಟೆಡ್‌ಫಾಸ್ಟ್' ಕಾಲವನ್ನು ನೋಡುತ್ತದೆ. ಬಾಳಿನುದ್ದಕ್ಕೂ ಪ್ರತಿಜ್ಞೆಯನ್ನು ಕಾಪಾಡಿದ ಭೀಷ್ಮನದು ಈ ಕೊನೆಯದು.

ಆದರೆ ಹೊಗಳಿಕೆಯ ಶಬ್ದಕ್ಕೂ ತೆಗಳಿಕೆಯ ಶಬ್ದಕ್ಕೂ ನಡುವಿನ ಆಯ್ಕೆ ಬರೆಯುವವನು ನಿಂತ ದಡವನ್ನು ಅವಲಂಬಿಸಿದೆ ಎಂಬುದಕ್ಕೆ ಕಾಸರಗೋಡಿನವರು ದೂರ ಹೋಗಬೇಕಾಗಿಲ್ಲ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಗಡಿ ವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಕೇರಳ ಅದನ್ನು ಒಪ್ಪಲಿಲ್ಲ, ಅದು ಜಾರಿಗೆ ಬರಲೂ ಇಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರು 2015ರಲ್ಲಿ ನೂರು ದಾಟಿ ತೀರಿಕೊಳ್ಳುವವರೆಗೆ ಕರ್ನಾಟಕದೊಂದಿಗೆ ವಿಲೀನದ ಮಾತನ್ನು ಬಿಡಲಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಬರೆಯುವ ಕನ್ನಡಿಗ ಅವರನ್ನು 'ಸ್ಟೆಡ್‌ಫಾಸ್ಟ್' ಎಂದೂ ಕೇರಳದ ನಿಲುವನ್ನು 'ಇನ್‌ಟ್ರಾನ್ಸಿಜೆಂಟ್' ಎಂದೂ ಬರೆಯುತ್ತಾನೆ. ಹೊಳೆಯ ಆಚೆಯವನ ಕೈಯಲ್ಲಿ ಇವೆರಡೂ ಸ್ಥಳ ಬದಲಿಸುತ್ತವೆ. ವರದಿ ಬರೆಯುವವರಿಗೆ ನನ್ನ ಸಲಹೆಯೆಂದರೆ ಇಂಥಲ್ಲಿ ಎರಡನ್ನೂ ಬಿಟ್ಟು, ಒಪ್ಪಲಿಲ್ಲ ಎಂಬ ಕ್ರಿಯಾಪದವನ್ನಷ್ಟೇ ಬಳಸುವುದು.

ವಿದ್ಯಾರ್ಥಿನಿಯ ಪತ್ರಕ್ಕೆ ನಾನು ಸೂಚಿಸಿದ್ದು 'ಡಿಟರ್ಮಿನ್ಡ್'. ಅವಳಿಗೆ 'ಟೆನೇಶಿಯಸ್' ಹೆಚ್ಚು ಹಿಡಿಸಿತು. ಅದು ತಪ್ಪೇನೂ ಅಲ್ಲ, ಆದರೆ ಇತರರು ನಮ್ಮ ಬಗ್ಗೆ ಹೇಳಿದರೆ ಚಂದ ಕಾಣುವ ಶಬ್ದವನ್ನು ನಾವೇ ಹೇಳಿಕೊಂಡರೆ ಸ್ವಲ್ಪ ಢಾಳಾಗಿ ಕಾಣುತ್ತದೆ. ಕೊನೆಗೆ ವಿಶೇಷಣದ ಪಕ್ಕದಲ್ಲಿ ಒಂದು ಸಂಗತಿಯನ್ನೂ ಇಟ್ಟೆವು: ಮೂರು ವರ್ಷ ದಿನಕ್ಕೆ ಎರಡು ಬಸ್ಸು ಬದಲಿಸಿ ತರಬೇತಿಗೆ ಹೋಗುತ್ತಿದ್ದದ್ದು.

ಕನ್ನಡದಿಂದ ಇಂಗ್ಲಿಷಿಗೆ ಹೋಗುವವರಿಗೆ ಇನ್ನೊಂದು ತೊಡಕು ನಮ್ಮ ಸಂಸ್ಕೃತ ಶಬ್ದಗಳದ್ದು. 'ಛಲ'ಕ್ಕೆ ಸಂಸ್ಕೃತದಲ್ಲಿ ಕಪಟ, ನೆಪ ಎಂಬ ಅರ್ಥ. ಕನ್ನಡದಲ್ಲಿ ಅದು ಬಿಡದ ಸಂಕಲ್ಪ. ಸಂಸ್ಕೃತ–ಇಂಗ್ಲಿಷ್ ನಿಘಂಟನ್ನು ನೋಡಿ ಛಲವಂತನನ್ನು ಮೋಸಗಾರನನ್ನಾಗಿ ಮಾಡಬಾರದು. ಗಡಿನಾಡಿನವರಿಗೆ ಮಲಯಾಳದ ಮೂಲಕ ಈ ತೊಡಕು ಇಮ್ಮಡಿಯಾಗುತ್ತದೆ. ಮಲಯಾಳದಲ್ಲಿ 'ಶಾಠ್ಯ' ಎಂದರೆ ಹಠ, ಕನ್ನಡದಲ್ಲಿ ಅದೇ ಶಬ್ದ ಕಪಟ. ಅಂದರೆ ಛಲ, ಶಾಠ್ಯ ಎರಡೂ ಕಪಟದಿಂದ ಹಠದ ಕಡೆಗೆ ನಡೆದಿವೆ, ಒಂದು ಕನ್ನಡದಲ್ಲಿ, ಒಂದು ಮಲಯಾಳದಲ್ಲಿ. ಮಲಯಾಳಂ ಮಾಧ್ಯಮದಲ್ಲಿ ಓದಿದವರು 'ಆಬ್‌ಸ್ಟಿನಸಿ' ಎಂಬುದಕ್ಕೆ ಕನ್ನಡದಲ್ಲಿ 'ಶಾಠ್ಯ' ಎಂದು ಬರೆದುದನ್ನು ನಾನು ಹಲವು ಸಲ ತಿದ್ದಿದ್ದೇನೆ.

'ಇನ್‌ಸಿಸ್ಟ್' ಎಂಬುದರ ವಿಷಯದಲ್ಲಿ ಇದಕ್ಕಿಂತ ದೊಡ್ಡ ಗೊಂದಲವಿದೆ. 'ಪರ್ಸಿಸ್ಟ್' ಕೈಯ ಹಠವಾದರೆ 'ಇನ್‌ಸಿಸ್ಟ್' ಬಾಯಿಯ ಹಠ: ಹಾಗೆಯೇ ಆಗಬೇಕೆಂದು ಒತ್ತಿ ಹೇಳುವುದು. ಮಲಯಾಳದಲ್ಲಿ ಇದಕ್ಕೆ 'ನಿರ್ಬಂಧ' ಎನ್ನುತ್ತಾರೆ, ಕಡ್ಡಾಯ ಎಂಬ ಅರ್ಥವೂ ಅದಕ್ಕಿದೆ. ಕನ್ನಡದಲ್ಲಿ ನಿರ್ಬಂಧವೆಂದರೆ ತಡೆ. ಒಮ್ಮೆ ಒಂದು ಕಚೇರಿಯ ಗೋಡೆಯಲ್ಲಿ, ಮಲಯಾಳದಿಂದ ಕನ್ನಡಕ್ಕೆ ಇಳಿಸಿದ ಸೂಚನೆಯೊಂದರಲ್ಲಿ, ಅರ್ಜಿಯ ಜೊತೆ ಆಧಾರ್ ಪ್ರತಿಗೆ ನಿರ್ಬಂಧವಿದೆ ಎಂದು ಬರೆದಿತ್ತು. ಅದನ್ನು ಓದಿದ ಹಿರಿಯರೊಬ್ಬರು ತಂದಿದ್ದ ಪ್ರತಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಕೌಂಟರಿನಲ್ಲಿ ಅದನ್ನೇ ಕೇಳಿದಾಗ ಅವರು ಗೋಡೆಯತ್ತ ಬೆರಳು ತೋರಿಸಿದರು, ಗುಮಾಸ್ತರೂ ಅದೇ ಗೋಡೆಯತ್ತ ಬೆರಳು ತೋರಿಸಿದರು. ನಾನು ನಡುವೆ ಬಾಯಿ ಹಾಕಿದ ಮೇಲೆ ಗುಮಾಸ್ತರು ಎದ್ದು ಬಂದು, 'ನಿರ್ಬಂಧವಿದೆ' ಎಂಬುದರ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಎಳೆದು 'ಕಡ್ಡಾಯ' ಎಂದು ಬರೆದರು.